ಆಪ್ತಸಲಹೆ ಪ್ರಕರಣ: ಶಾಲೆಗೆ ಹೊರಡುವಾಗಿನ ಹೊಟ್ಟೆನೋವು

(ಗುರುತು ಸಿಗದಂತೆ ವಿವರಗಳನ್ನು ಬದಲಿಸಲಾಗಿದೆ.)

ಡೊಂಬಿವಲಿಯ 9 ವರ್ಷದ ಹುಡುಗಿ. ಕುಂದಾಪುರ ಕಡೆಯ ಕುಟುಂಬ. ತಂದೆ ಮುಂಬೈಯ ಒಂದು ಉಡುಪಿ ಹೋಟೆಲಿನಲ್ಲಿ ಮ್ಯಾನೇಜರ್ ಆಗಿದ್ದರು. ಕಟ್ಟಡ ರೀಡೆವಲಪ್‌ಮೆಂಟಿಗೆ (ಹಳೆಯದನ್ನು ಕೆಡವಿ ಹೊಸದು ಕಟ್ಟಲು) ಹೋಗಿ ಹೋಟೆಲ್ ಬಾಗಿಲು ಹಾಕಿತು. ಬೇರೆ ಕೆಲಸ ಸಿಕ್ಕಿದರೆ ಇಲ್ಲಿ, ಇಲ್ಲದಿದ್ದರೆ ಊರು. ಅದೇ ಹೊತ್ತಿಗೆ ಮಗಳಿಗೆ ದಿನಾ ಬೆಳಿಗ್ಗೆ ಹೊಟ್ಟೆನೋವು ಶುರುವಾಯಿತು.

ಮಕ್ಕಳ ಡಾಕ್ಟರಿಗೆ ತೋರಿಸಿಯೇ ನನ್ನ ಬಳಿ ಬಂದಿದ್ದರು, ಒಳ್ಳೆಯದಾಯಿತು. ಜ್ವರ, ವಾಂತಿ, ತೂಕ ಇಳಿಯುವುದು, ನೋವಿಗೆ ರಾತ್ರಿ ಎಚ್ಚರವಾಗುವುದು ಇದ್ದರೆ ಮೊದಲು ಅದನ್ನು ನೋಡಬೇಕು. ಇವಳಿಗೆ ಅವು ಯಾವುವೂ ಇರಲಿಲ್ಲ. ಭಾನುವಾರ ನೋವೂ ಇರುತ್ತಿರಲಿಲ್ಲ. ಹಾಗೆಂದು ಅದು ನಾಟಕವಲ್ಲ. ಹೆದರಿದ ಮಕ್ಕಳಿಗೆ ಹೊಟ್ಟೆ ನಿಜವಾಗಿಯೂ ನೋಯುತ್ತದೆ.

ಶಾಲೆಯಲ್ಲಿ ಯಾರೋ ಕಾಟ ಕೊಡುತ್ತಿದ್ದಾರೆ ಎಂಬುದು ತಾಯಿಯ ಅನುಮಾನ. ಆದರೆ ಬ್ಯಾಗು ಯಾಕಿಷ್ಟು ಭಾರ ಎಂದು ಟೀಚರ್ ತೆಗೆಸಿ ನೋಡಿದಾಗ ಪುಸ್ತಕಗಳ ಅಡಿಯಲ್ಲಿ ಒಂದು ಜೊತೆ ಬಟ್ಟೆ, ಟೂತ್‌ಬ್ರಷ್, ಅಜ್ಜಿಯ ಫೋಟೊ ಇದ್ದವಂತೆ. ನನ್ನೆದುರು ಚಿತ್ರಕ್ಕೆ ಬಣ್ಣ ತುಂಬುತ್ತ, ತಲೆ ಎತ್ತದೆ ಹುಡುಗಿ ಕೇಳಿದಳು: "ನಾನು ಸ್ಕೂಲಿಂದ ಬರೋವಷ್ಟರಲ್ಲಿ ಮನೆ ಖಾಲಿ ಮಾಡಿ ಹೋಗಿದ್ರೆ?"

ಅವರದು ಒನ್ ರೂಮ್ ಕಿಚನ್. ದೀಪ ಆರಿಸಿದ ಮೇಲೆ ಗಂಡ ಹೆಂಡತಿ ಪಿಸುಗುಟ್ಟಿದ್ದು ಹೊದಿಕೆಯೊಳಗೆ ಅರ್ಧಂಬರ್ಧ ಕೇಳುತ್ತಿತ್ತು: ಡಿಪಾಸಿಟ್, ಲಾರಿ, ಫೀಸು. ತನ್ನ ಫೀಸಿನಿಂದಲೇ ಇಷ್ಟೆಲ್ಲ ಆಗುತ್ತಿದೆ ಎಂದೂ ಅವಳು ನಂಬಿದ್ದಳು. ಈ ವಯಸ್ಸಿನಲ್ಲಿ ತಪ್ಪನ್ನು ತಮ್ಮ ತಲೆಗೇ ಕಟ್ಟಿಕೊಳ್ಳುವುದು ಸಾಮಾನ್ಯ.

"ಸಣ್ಣ ಮಕ್ಕಳ ಹತ್ರ ಇದೆಲ್ಲ ಎಂತಕ್ಕೆ ಮೇಡಂ?" ಎಂದರು ತಾಯಿ. ತಂದೆ ತುಸು ಸಿಡುಕಿನಿಂದಲೇ, "ನನಗೇ ಗೊತ್ತಿಲ್ಲ, ಅವಳಿಗೆ ಏನಂತ ಹೇಳಲಿ?" ಎಂದರು.

ಗೊತ್ತಿಲ್ಲ ಎನ್ನುವುದನ್ನೇ ಹೇಳಿ ಎಂದೆ. ಮಲಗುವ ಹೊತ್ತಿಗೆ ಬೇಡ. ಹಗಲಿನಲ್ಲಿ, ಇಬ್ಬರೂ ಜೊತೆಗೆ ಕೂತು. ಮಾತನ್ನೂ ಅಲ್ಲೇ ಹೊಂದಿಸಿಕೊಂಡೆವು: "ಅಪ್ಪಯ್ಯನ ಹೋಟೆಲ್ ಮುಚ್ಚಿತು. ಬೇರೆ ಕೆಲಸ ಹುಡುಕ್ತಾ ಇದ್ದೇನೆ. ಊರಿಗೆ ಹೋಗೋದೋ ಇಲ್ಲೇ ಇರೋದೋ ಇನ್ನೂ ತೀರ್ಮಾನ ಆಗಿಲ್ಲ. ಆದ ದಿನವೇ ನಿನಗೆ ಹೇಳ್ತೇವೆ. ಎಲ್ಲಿಗೆ ಹೋದರೂ ನಿನ್ನನ್ನು ಬಿಟ್ಟು ಹೋಗೋದಿಲ್ಲ. ಇದು ನಿನ್ನಿಂದ ಆದದ್ದಲ್ಲ."

'ಏನೂ ಆಗಲ್ಲ, ಸುಮ್ನಿರು' ಎನ್ನುವ ಸಮಾಧಾನ ನನಗೆ ಒಪ್ಪಿಗೆಯಿಲ್ಲ. ಏನೋ ಆಗಿದೆ ಎಂದು ಮಗುವಿಗೆ ಗೊತ್ತಿದೆ; ಹಾಗೆಂದರೆ ಮುಂದೆ ಕೇಳುವುದನ್ನೇ ಬಿಡುತ್ತದೆ. 'ಜಾಣೆ ಅಲ್ವಾ, ಅಪ್ಪಯ್ಯನಿಗೆ ತೊಂದರೆ ಕೊಡಬೇಡ' ಎನ್ನುವುದೂ ಬೇಡ. ಅಪ್ಪನನ್ನು ಕಾಯುವ ಕೆಲಸ 9 ವರ್ಷದವಳದ್ದಲ್ಲ.

ಬ್ಯಾಗಿನ ಬಟ್ಟೆಯನ್ನು ಅಮ್ಮ ಅಂದೇ ತೆಗೆಯಲು ಹೊರಟಿದ್ದರು, ತಡೆದೆ. ಅವಳಿಗೆ ಸಾಕೆನಿಸಿದಾಗ ಅವಳೇ ತೆಗೆಯಲಿ. ಹಣದ ಮಾತುಕತೆ ಟೆರೇಸಿನ ಮೇಲೋ ಮಾರ್ಕೆಟ್ಟಿಗೆ ಹೋಗುವ ದಾರಿಯಲ್ಲೋ ಆಗಲಿ. ಊಟ, ನಿದ್ದೆಯ ಹೊತ್ತು ಬದಲಾಗದಿರಲಿ. ರಾತ್ರಿ 11ಕ್ಕೆ ಮನೆ ಸೇರುತ್ತಿದ್ದ ಅಪ್ಪ ಈಗ ಹಗಲೆಲ್ಲ ಮನೆಯಲ್ಲಿದ್ದಾರೆ, ಮೊಬೈಲ್ ಹಿಡಿದು ಗೋಡೆಗೆ ಒರಗಿಕೊಂಡು. ಮಗುವಿಗೆ ಅದೂ ಹೊಸತು. ಶಾಲೆಗೆ ಬಿಡುವುದು, ಕರೆತರುವುದು ಅವರ ಪಾಲಿಗೆ ಬಂತು. ಹೊಟ್ಟೆನೋವೆಂದು ಮನೆಯಲ್ಲಿ ಉಳಿಸಿಕೊಂಡರೆ ಮರುದಿನ ಹೊರಡುವುದು ಇನ್ನೂ ಕಷ್ಟ. ಹಾಗಾಗಿ ಟೀಚರಿಗೆ ವಿಷಯ ತಿಳಿಸಿ, ನೋವು ಬಂದರೆ ಸ್ವಲ್ಪ ಹೊತ್ತು ಕೂತು ಕ್ಲಾಸಿಗೆ ಮರಳಲು ಬಿಡುವಂತೆ ಕೇಳಿಕೊಂಡೆವು.

ಊಟ, ನಿದ್ದೆ, ಆಟ ಎರಡು ವಾರಕ್ಕೂ ಮೀರಿ ಕೆಟ್ಟರೆ ಮಕ್ಕಳ ಮನೋವೈದ್ಯರನ್ನು ಕಾಣಬೇಕು. ಸಾಯುವ ಮಾತು ಬಂದರೆ ಒಂದು ದಿನವೂ ಕಾಯುವಂತಿಲ್ಲ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಉಚಿತ, ಕನ್ನಡದಲ್ಲೂ ಮಾತಾಡಬಹುದು. ಮಕ್ಕಳೇ ಕರೆ ಮಾಡಬಹುದಾದ ಸಂಖ್ಯೆ 1098.

ಊರಿನ ತೀರ್ಮಾನವನ್ನು ವಾರ್ಷಿಕ ಪರೀಕ್ಷೆ ಮುಗಿಯುವವರೆಗೆ ಮುಂದೂಡಿದ್ದಾರೆ, ಮಗಳಿಗೂ ಹೇಳಿದ್ದಾರೆ. ನೋವು ಈಗ ಸೋಮವಾರಕ್ಕೆ ಮಾತ್ರ ಉಳಿದಿದೆ. ಮುಂದಿನ ಭೇಟಿಗೆ ತಂದೆಯೊಬ್ಬರನ್ನೇ ಬರಹೇಳಿದ್ದೇನೆ. ನಿದ್ದೆ ಬರುತ್ತಿಲ್ಲ ಎಂದು ಹೊರಡುವಾಗ ಬಾಗಿಲ ಹತ್ತಿರ ನಿಂತು ಹೇಳಿದರು.