ಹೆಚ್-ಆಲ್ಫಾ ಸೇರಿಸಿದರೆ ನಕ್ಷತ್ರಗಳ ಬಣ್ಣ ಕೆಡುವುದೇಕೆ?

ಮೇಲುಕೋಟೆಯಲ್ಲಿ ತೆಗೆದ ಬಣ್ಣದ ಡೇಟಾಗೆ ಮೈಸೂರಿನ ತಾರಸಿಯಿಂದ ತೆಗೆದ ಹೆಚ್-ಆಲ್ಫಾ, ಅಂದರೆ ಹೈಡ್ರೋಜನ್ ಅನಿಲದ ಕೆಂಪು ಬೆಳಕಿನ ಚಿತ್ರ, ಸೇರಿಸಿದ್ದೀರಿ. ರೋಸೆಟ್ ನೀಹಾರಿಕೆ ಟೊಮೆಟೊ ಕೆಂಪಾಯಿತು, ನಕ್ಷತ್ರಗಳ ಸುತ್ತ ಹಸಿರು-ನೀಲಿ ಬಳೆ ಬಂತು ಅಂತ ಕೇಳಿದ್ದೀರಿ. ಕೆಂಪು ಚಾನೆಲ್ ತೆಗೆದು ಆ ಜಾಗಕ್ಕೆ ಹೆಚ್-ಆಲ್ಫಾ ಇಟ್ಟೆ ಎಂದಿದ್ದೀರಲ್ಲ, ತೊಂದರೆ ಇರುವುದು ಅಲ್ಲೇ.

ಕೆಂಪು ಫಿಲ್ಟರ್ ಸುಮಾರು 100 ನ್ಯಾನೊಮೀಟರ್ ಅಗಲದ ಬೆಳಕನ್ನು ಬಿಡುತ್ತದೆ. ನಿಮ್ಮ ಹೆಚ್-ಆಲ್ಫಾ ಫಿಲ್ಟರ್ 656.3 ನ್ಯಾನೊಮೀಟರ್ ಸುತ್ತ ಬರೀ 7 ನ್ಯಾನೊಮೀಟರ್ ಅಗಲ ಬಿಡುತ್ತದೆ. ಹೈಡ್ರೋಜನ್‌ನ ಕೆಂಪು ಬೆಳಕು ಆ ಒಂದೇ ಗೆರೆಯಲ್ಲಿದೆ, ಹೆಚ್ಚುಕಮ್ಮಿ ಪೂರ್ತಿ ಸಿಗುತ್ತದೆ. ನಕ್ಷತ್ರದ ಬೆಳಕು ಎಲ್ಲ ಬಣ್ಣಗಳಿಗೂ ಹರಡಿರುತ್ತದೆ, ಅದರಲ್ಲಿ ಸಣ್ಣ ಪಾಲಷ್ಟೇ ಒಳಗೆ ಬರುತ್ತದೆ. ಹಾಗಾಗಿ ಹೆಚ್-ಆಲ್ಫಾದಲ್ಲಿ ನಕ್ಷತ್ರ ಪುಟ್ಟದು, ಮಂಕು. ಕೆಂಪು ಸಾಲದ ಅಂಚಿನಲ್ಲಿ ಹಸಿರು, ನೀಲಿ ಇಣುಕುತ್ತವೆ.

ಕೆಂಪು ಚಾನೆಲ್ ಹಾಗೇ ಇರಲಿ. ಅದಕ್ಕೆ ನೀಹಾರಿಕೆಯ ಪಾಲನ್ನು ಮಾತ್ರ ಕೂಡಿಸಿ. ಮೊದಲು ಎಲ್ಲ ಸ್ಟ್ಯಾಕ್‌ಗಳನ್ನೂ (ಹಲವು ಫೋಟೊ ಕೂಡಿಸಿ ಮಾಡಿದ ಚಿತ್ರಗಳನ್ನು) ಒಂದರ ಮೇಲೊಂದು ಅಲೈನ್ ಮಾಡಿ, ಹಿನ್ನೆಲೆಯ ಗ್ರೇಡಿಯಂಟ್ (ಒಂದು ಕಡೆಯಿಂದ ಇನ್ನೊಂದು ಕಡೆಗೆ ಏರಿಳಿಯುವ ಬೆಳಕು) ತೆಗೆಯಿರಿ. ಸ್ಟ್ರೆಚ್, ಅಂದರೆ ಮಂಕು ಭಾಗ ಕಾಣುವಂತೆ ಬೆಳಗಿಸುವುದು, ಮಾತ್ರ ಈಗಲೇ ಬೇಡ. ಸಿರಿಲ್ ಎಂಬ ಖಗೋಳ ಚಿತ್ರಗಳ ಸಾಫ್ಟ್‌ವೇರ್‌ನ ಪಿಕ್ಸೆಲ್ ಮ್ಯಾತ್‌ನಲ್ಲಿ ಕೆಂಪಿನಿಂದ ಅದರ ಮೀಡಿಯನ್ (ಎಲ್ಲ ಪಿಕ್ಸೆಲ್‌ಗಳ ನಡುಬೆಲೆ) ಕಳೆದು, ಒಂದು ಸಣ್ಣ ಸಂಖ್ಯೆಯಿಂದ ಗುಣಿಸಿ, ಬಂದದ್ದನ್ನು ಹೆಚ್-ಆಲ್ಫಾದಿಂದ ಕಳೆಯಿರಿ. ಆ ಸಂಖ್ಯೆ ಎಕ್ಸ್‌ಪೋಷರ್ ಮೇಲೆ ಹೋಗುತ್ತದೆ, ಕಣ್ಣಳತೆಯಲ್ಲೇ ಹಿಡಿಯಬೇಕು. ನೀಹಾರಿಕೆಯಿಂದ ದೂರದ ಒಂದು ಸಾಧಾರಣ ನಕ್ಷತ್ರವನ್ನು ಜೂಮ್ ಮಾಡಿ. ಬಿಳಿ ಚುಕ್ಕೆ ಉಳಿದಿದ್ದರೆ ಕಳೆದದ್ದು ಸಾಲದು. ಕಪ್ಪು ತೂತು ಬಿದ್ದರೆ ಜಾಸ್ತಿಯಾಯಿತು. ಎರಡರ ನಡುವೆ ನಕ್ಷತ್ರ ಹಿನ್ನೆಲೆಯಲ್ಲಿ ಕರಗಿಹೋಗುವ ಸಂಖ್ಯೆಯೊಂದು ಸಿಗುತ್ತದೆ. ತುಂಬಾ ಹೊಳೆಯುವ ನಕ್ಷತ್ರಗಳು ಪೂರ್ತಿ ಹೋಗುವುದಿಲ್ಲ, ಅವಕ್ಕೆ ಮಾಸ್ಕ್ ಹಾಕಿ, ಅಂದರೆ ಆ ಜಾಗಗಳನ್ನು ಮರೆಮಾಡಿ.

ಉಳಿದದ್ದರಿಂದ ಅದರದೇ ಮೀಡಿಯನ್ ಕಳೆದು ಕೆಂಪಿಗೆ ಕೂಡಿ. ಅದರಲ್ಲೇ ಸ್ವಲ್ಪವನ್ನು ನೀಲಿಗೂ ಕೊಡಿ. ಇದು ಸುಮ್ನೆ ಅಂದಕ್ಕಲ್ಲ. ಅದೇ ಹೈಡ್ರೋಜನ್ 486.1 ನ್ಯಾನೊಮೀಟರ್‌ನಲ್ಲಿ ನೀಲಿಯಾಗಿಯೂ ಹೊಳೆಯುತ್ತದೆ. ನೀಹಾರಿಕೆಗೆ ಗುಲಾಬಿ ಛಾಯೆ ಬರುವುದು ಹೀಗೆ. ನನಗೆ ಅಚ್ಚ ಕೆಂಪಿಗಿಂತ ಆ ಬಣ್ಣವೇ ನಿಜ ಅನ್ನಿಸುತ್ತದೆ.

ಮುಂದೆ ಆಮ್ಲಜನಕದ ಗೆರೆಯನ್ನೂ ಸೇರಿಸಿ. ರೋಸೆಟ್‌ನ ನಡುವೆ, ಎನ್‌ಜಿಸಿ 2244 ನಕ್ಷತ್ರಗುಚ್ಛದ ಸುತ್ತ ಅದು ಚೆನ್ನಾಗಿ ಕಾಣುತ್ತದೆ. ಆ ಗೆರೆ ಇರುವ 500.7 ನ್ಯಾನೊಮೀಟರ್ ಎಂದರೆ ಹಸಿರು, ನೀಲಿ ಸೇರುವ ಗಡಿ, ಆದ್ದರಿಂದ ಎರಡಕ್ಕೂ ಹಂಚಿ. ಬೆಳದಿಂಗಳು ಈ ಗೆರೆಯನ್ನು ಹೆಚ್-ಆಲ್ಫಾಗಿಂತ ಜಾಸ್ತಿ ಕೆಡಿಸುತ್ತದೆ. ಚಂದ್ರನಿರುವ ರಾತ್ರಿ ತಾರಸಿಯಲ್ಲೇ ಹೆಚ್-ಆಲ್ಫಾ ತೆಗೆದುಕೊಳ್ಳಿ. ಆಮ್ಲಜನಕ ಮತ್ತು ಬಣ್ಣದ ಡೇಟಾಗೆ ಅಮಾವಾಸ್ಯೆಯ ಆಸುಪಾಸಿನಲ್ಲಿ ಮೇಲುಕೋಟೆಗೆ ಹೋಗಿ.