ಹಳೆಯ ಎಚ್‌ಒ ಮಾದರಿ ರೈಲು ಸೆಟ್‌ಗೆ ಬೇಕಾದ ಹಳಿ, ಪಾಯಿಂಟ್ (ಹಳಿ ಕವಲೊಡೆಯುವ ತುಂಡು), ಹೊಸ ಎಂಜಿನ್ ಎಲ್ಲವನ್ನೂ ಅಂಚೆಯಲ್ಲಿ ಒಂದೇ ಸಲ ತರಿಸಿಬಿಡಲೇ?

ರಿಯಾಯಿತಿ ಮುಗಿಯುವ ಮೊದಲೇ ಎಲ್ಲವನ್ನೂ ಒಂದೇ ಪಾರ್ಸೆಲ್‌ನಲ್ಲಿ ತರಿಸಿದರೆ ಸಾಗಣೆ ವೆಚ್ಚ ಉಳಿಯುತ್ತದೆ ಎಂಬುದು ನಿಮ್ಮ ಲೆಕ್ಕ. ದಯವಿಟ್ಟು ತರಿಸಬೇಡಿ. ನಾನೂ ಇದೇ ಲೆಕ್ಕ ಹಾಕಿದ್ದೆ. ನನ್ನ ಬಳಿಯೂ ಹಳೆಯ ಸೆಟ್ ಇತ್ತು, ಹತ್ತಿರದಲ್ಲಿ ಇಂಥ ಸಾಮಾನಿನ ಅಂಗಡಿ ಇರಲಿಲ್ಲ, ಕ್ಯಾಟಲಾಗ್ ಒಂದೇ ಆಸರೆಯಾಗಿತ್ತು.

ಸೆಟ್ ನಮ್ಮ ದೊಡ್ಡಪ್ಪನದು. ಒಂದು ಉಗಿ ಎಂಜಿನ್, ಕೆಲವು ಸರಕು ವ್ಯಾಗನ್‌ಗಳು, ತುಕ್ಕು ಹಿಡಿದ ಉಕ್ಕಿನ ಹಳಿಗಳು. ಹಳಿಗಳು ಮತ್ತೆ ಬಳಕೆಗೆ ಬರುವಂತಿರಲಿಲ್ಲ, ಎಂಜಿನ್ ಮಾತ್ರ ಎಣ್ಣೆ ಹಾಕಿದ ಕೂಡಲೇ ಓಡಿತು. ಹೊಸ ಹಳಿ ತರಿಸೋಣ ಎಂದು ಕ್ಯಾಟಲಾಗ್ ಹಿಡಿದು ಕೂತೆ. ಎಚ್‌ಒ ಎಂದರೆ 1:87 ಸ್ಕೇಲ್ (ನಿಜ ರೈಲಿನ 87ನೇ ಒಂದು ಭಾಗ), ಎರಡು ಹಳಿಗಳ ನಡುವಿನ ಅಂತರ 16.5 ಮಿ.ಮೀ. ಎಂಬುದು ಗೊತ್ತಿತ್ತು. ದೊಡ್ಡಪ್ಪನ ಹಳಿಯನ್ನು ಅಳೆದೆ, 16.5. ಕ್ಯಾಟಲಾಗ್‌ನ ಹಳಿಯೂ 16.5. ಇದಿಷ್ಟು ಹೊಂದಿದರೆ ಸಾಕು ಎಂದು ನಂಬಿದೆ. ನನಗೆ ನಷ್ಟ ತಂದದ್ದು ಈ ನಂಬಿಕೆಯೇ. ಇದನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಏಕೆಂದರೆ ನಿಮ್ಮ ಪ್ರಶ್ನೆಯಲ್ಲಿಯೂ ಹಳಿಯ ಅಂತರದ ಮಾತು ಬಿಟ್ಟರೆ ಬೇರೆ ಅಳತೆಯೇ ಇಲ್ಲ.

ಹಳಿಗೆ ಅಂತರದಂತೆಯೇ ಎತ್ತರವೂ ಇರುತ್ತದೆ. ಕ್ಯಾಟಲಾಗ್‌ನಲ್ಲಿ ಅದನ್ನು ಕೋಡ್ 100, ಕೋಡ್ 83, ಕೋಡ್ 75 ಎಂದು ಕೊಟ್ಟಿರುತ್ತಾರೆ. ಅದು ಇಂಚಿನ ಸಾವಿರದ ಒಂದು ಭಾಗದ ಲೆಕ್ಕ. ಕೋಡ್ 100 ಎಂದರೆ 0.100 ಇಂಚು, ಅಂದರೆ 2.54 ಮಿ.ಮೀ. ಎತ್ತರದ ಹಳಿ. ಕೋಡ್ 75 ಎಂದರೆ ಸುಮಾರು 1.9 ಮಿ.ಮೀ. ಇಷ್ಟನ್ನು ನಾನು ಓದಿಕೊಂಡಿದ್ದೆ. 1.9 ಅನ್ನು 87ರಿಂದ ಗುಣಿಸಿ ನೋಡಿದರೆ ಸುಮಾರು 165 ಮಿ.ಮೀ. ಬರುತ್ತದೆ. ಮುಖ್ಯ ಮಾರ್ಗಗಳಲ್ಲಿ ಹಾಕುವ, ಮೀಟರಿಗೆ 60 ಕಿಲೋ ತೂಗುವ ಹಳಿಯ ನಿಜವಾದ ಎತ್ತರ 172 ಮಿ.ಮೀ. ಎಷ್ಟು ಹತ್ತಿರ ನೋಡಿ! ಅದೇ ಕೋಡ್ 100 ಹಳಿಯ ಲೆಕ್ಕ ಹಾಕಿದರೆ 221 ಮಿ.ಮೀ., ಅಷ್ಟು ಎತ್ತರದ ಹಳಿಯ ಮೇಲೆ ರೈಲು ಆಟಿಕೆಯಂತೆಯೇ ಕಾಣುತ್ತದೆ. ಕೋಡ್ 75ಕ್ಕೆ ಮನಸೋತೆ. ಅದರ ಮೇಲೆಯೇ ರಿಯಾಯಿತಿಯೂ ಇತ್ತು. ಇಡೀ ಬೋರ್ಡಿಗೆ ಸಾಕಾಗುವಷ್ಟು ಉದ್ದದ ಹಳಿ, ಅದೇ ಕೋಡ್‌ನ ಪಾಯಿಂಟ್‌ಗಳು, ಹಳಿಯ ತುದಿಗಳನ್ನು ಜೋಡಿಸುವ ಜಾಯಿನರ್‌ಗಳು, ಜೊತೆಗೆ ಒಂದು ಹೊಸ ವ್ಯಾಗನ್, ಎಲ್ಲವನ್ನೂ ಒಟ್ಟಿಗೆ ತರಿಸಿದೆ.

ಪಾರ್ಸೆಲ್ ಅಚ್ಚುಕಟ್ಟಾಗಿಯೇ ಬಂತು. ಅಂಗಡಿಯವರದು ಎಳ್ಳಷ್ಟೂ ತಪ್ಪಿಲ್ಲ, ಕೇಳಿದ್ದನ್ನೇ ಕಳುಹಿಸಿದ್ದರು. ನಾನು ಪರೀಕ್ಷಿಸದೆ ಅಂಟಿಸಿದವನೂ ಅಲ್ಲ. ಒಂದು ತುಂಡು ಹಳಿ ಹಾಸಿ, ಒಂದು ಪಾಯಿಂಟ್ ಜೋಡಿಸಿ, ಅದೇ ಪಾರ್ಸೆಲ್‌ನಲ್ಲಿ ಬಂದ ಹೊಸ ವ್ಯಾಗನನ್ನು ಅದರ ಮೇಲೆ ತಳ್ಳಿ ನೋಡಿದೆ. ಬೆಣ್ಣೆಯಲ್ಲಿ ಕೂದಲು ತೆಗೆದಂತೆ ಸಾಗಿತು. ಆ ಧೈರ್ಯದ ಮೇಲೆ ಹಳಿ ಕತ್ತರಿಸಿದೆ, ಅಂಟಿಸಿದೆ, ಪಕ್ಕಗಳಿಗೆ ಬಣ್ಣ ಹಚ್ಚಿದೆ, ಜಲ್ಲಿ ಹರಡಿ ನೀರು ಬೆರೆಸಿದ ಅಂಟು ಸುರಿದೆ. ದೊಡ್ಡಪ್ಪನ ಎಂಜಿನ್ ಅಷ್ಟೂ ಕಾಲ ತನ್ನ ಡಬ್ಬಿಯಲ್ಲಿಯೇ ಇತ್ತು.

ಎಲ್ಲ ಒಣಗಿದ ಮೇಲೆ ಅದನ್ನು ಹಳಿಯ ಮೇಲಿಟ್ಟು ಕರೆಂಟ್ ಕೊಟ್ಟೆ. ಎಂಜಿನ್ ಮುಂದೆ ಸಾಗಿತು, ಆದರೆ ಟಕಟಕ ಎಂದು ಸಣ್ಣಗೆ ಕುಲುಕುತ್ತ ಸಾಗಿತು. ಹಳಿಯ ಮೇಲೆ ಜಲ್ಲಿ ಸಿಕ್ಕಿರಬೇಕು ಎಂದು ಬ್ರಷ್‌ನಿಂದ ಒರೆಸಿದೆ. ಸದ್ದು ನಿಲ್ಲಲಿಲ್ಲ. ಕೊನೆಗೆ ಟಾರ್ಚನ್ನು ಹಳಿಯ ಮಟ್ಟಕ್ಕೆ ಹಿಡಿದು, ಕೆನ್ನೆಯನ್ನು ಬೋರ್ಡಿಗೆ ತಾಗಿಸಿ ನೋಡಿದೆ. ಹಳಿಯನ್ನು ಅದರ ಕೆಳಗಿನ ಅಡ್ಡಪಟ್ಟಿಗೆ, ಅಂದರೆ ಸ್ಲೀಪರ್‌ಗೆ, ಕಚ್ಚಿ ಹಿಡಿಯುವ ಪುಟ್ಟ ಪ್ಲಾಸ್ಟಿಕ್ ಉಬ್ಬುಗಳು ಒಳಬದಿಯಲ್ಲಿ ಸಾಲಾಗಿ ಇರುತ್ತವಲ್ಲ, ಚಕ್ರದ ಅಂಚು ಅವುಗಳ ಪ್ರತಿಯೊಂದು ತಲೆಯನ್ನೂ ಸವರಿಕೊಂಡು ಹೋಗುತ್ತಿತ್ತು. ಎಂಜಿನ್ ಹೋದ ದಾರಿಯುದ್ದಕ್ಕೂ ಕಂದು ಬಣ್ಣದ ಉಬ್ಬುಗಳ ನೆತ್ತಿಯಲ್ಲಿ ಬಿಳಿಯ ಗೀರು ಮೂಡಿತ್ತು.

ಕಾರಣ ಇಷ್ಟೇ. ಹಳಿಯಿಂದ ಆಚೆ ಜಾರದಂತೆ ಚಕ್ರದ ಒಳಬದಿಯಲ್ಲಿ ಒಂದು ಅಂಚು ಕೆಳಗೆ ಇಳಿದಿರುತ್ತದೆ, ಅದನ್ನು ಫ್ಲ್ಯಾಂಜ್ ಎನ್ನುತ್ತಾರೆ. ಅಮೆರಿಕದ ಮಾದರಿ ರೈಲು ಹವ್ಯಾಸಿಗಳ ಸಂಘವಾದ ಎನ್‌ಎಂಆರ್‌ಎ ಶಿಫಾರಸು ಮಾಡಿರುವ ಆರ್‌ಪಿ-25 ಎಂಬ ಚಕ್ರದ ಆಕಾರದಲ್ಲಿ, ಎಚ್‌ಒಗೆ ಸಾಮಾನ್ಯವಾಗಿ ಬಳಸುವ ಚಕ್ರದ ಫ್ಲ್ಯಾಂಜ್ ಕೇವಲ 0.64 ಮಿ.ಮೀ. ಆಳ. ನನ್ನ ಹೊಸ ವ್ಯಾಗನ್‌ಗೆ ಇದ್ದದ್ದು ಅಂಥ ಚಕ್ರ. ದೊಡ್ಡಪ್ಪನ ಎಂಜಿನ್‌ನ ಫ್ಲ್ಯಾಂಜನ್ನು ಆಮೇಲೆ ಅಳೆದೆ, ಒಂದೂವರೆ ಮಿಲಿಮೀಟರ್‌ಗೂ ಹೆಚ್ಚಿತ್ತು. ಹಳೆಯ ಸೆಟ್‌ಗಳಲ್ಲಿ ಇದು ಸಾಮಾನ್ಯ, ಮಕ್ಕಳು ಅಡ್ಡಾದಿಡ್ಡಿ ಜೋಡಿಸಿದ ಹಳಿಯ ಮೇಲೂ ಬೀಳದೆ ಓಡಲಿ ಎಂದು ಆಳವಾಗಿಯೇ ಮಾಡುತ್ತಿದ್ದರು. ಹಳಿಯ ಎತ್ತರ 1.9. ಅದರಲ್ಲಿ ಬುಡದ ಒಂದಷ್ಟು ಭಾಗವನ್ನು ಪ್ಲಾಸ್ಟಿಕ್ ಉಬ್ಬು ಆಕ್ರಮಿಸಿಕೊಂಡಿರುತ್ತದೆ. ಉಳಿದ ಜಾಗದಲ್ಲಿ ಒಂದೂವರೆ ಮಿಲಿಮೀಟರ್ ಹಿಡಿಸುವುದಿಲ್ಲ. ಕೋಡ್ 100 ಆಗಿದ್ದರೆ ಇನ್ನೂ 0.6 ಮಿ.ಮೀ. ಜಾಗ ಸಿಗುತ್ತಿತ್ತು, ಎಂಜಿನ್ ಸದ್ದಿಲ್ಲದೆ ಓಡುತ್ತಿತ್ತು. ಪಾಯಿಂಟ್‌ಗಳಲ್ಲಿಯಂತೂ ಸ್ಥಿತಿ ಇನ್ನೂ ಕೆಟ್ಟದಾಗಿತ್ತು. ಎರಡು ಹಳಿಗಳು ಅಡ್ಡಹಾಯುವ ಕಡೆ ಫ್ಲ್ಯಾಂಜ್‌ಗೆಂದು ಬಿಟ್ಟ ಕಾಲುವೆಯ ತಳ ಮೇಲೆಯೇ ಇತ್ತು. ಅಲ್ಲಿ ಚಕ್ರ ಮೇಲೆದ್ದು ಪಕ್ಕಕ್ಕೆ ವಾಲಿ ಹಳಿ ತಪ್ಪುತ್ತಿತ್ತು.

ಕತ್ತರಿಸಿ, ಅಂಟಿಸಿ, ಬಣ್ಣ ಹಚ್ಚಿದ ಹಳಿಯನ್ನು ಯಾವ ಅಂಗಡಿ ವಾಪಸ್ ಪಡೆಯುತ್ತದೆ? ಎಂಜಿನ್‌ನ ಚಕ್ರ ಬದಲಿಸುವಂತಿರಲಿಲ್ಲ. ವ್ಯಾಗನ್‌ಗಳ ಚಕ್ರವನ್ನಾದರೂ ಬದಲಿಸೋಣ ಎಂದು ಚಕ್ರದ ವ್ಯಾಸ ನೋಡಿ ಇನ್ನೊಂದು ಪಾರ್ಸೆಲ್ ತರಿಸಿದೆ. ವ್ಯಾಸ ಸರಿಯಿತ್ತು, ಅಚ್ಚಿನ ಉದ್ದ ಒಂದು ಮಿಲಿಮೀಟರ್‌ನಷ್ಟು ಕಡಿಮೆಯಿತ್ತು, ವ್ಯಾಗನ್ ಎತ್ತಿದರೆ ಚಕ್ರ ಉದುರುತ್ತಿತ್ತು. ಅಚ್ಚಿನ ಉದ್ದ ತಯಾರಕರಿಂದ ತಯಾರಕರಿಗೆ ಬದಲಾಗುತ್ತದೆ ಎಂಬುದು ಆಗ ತಿಳಿಯಿತು. ಕೊನೆಗೆ ಮುಖ್ಯ ಮಾರ್ಗದ ಹಳಿಯನ್ನೆಲ್ಲ ಬಿಸಿನೀರು ಹಾಕಿ ಕಿತ್ತು, ಕೋಡ್ 100 ಹಾಸಿದೆ. ಕೋಡ್ 75ರಲ್ಲಿ ಉಳಿದದ್ದನ್ನು ಹೊಸ ವ್ಯಾಗನ್‌ಗಳು ಮಾತ್ರ ಹೋಗುವ ಯಾರ್ಡಿಗೆ ಬಳಸಿದೆ. ಎರಡು ಎತ್ತರದ ಹಳಿಗಳನ್ನು ಸೇರಿಸಲೆಂದೇ ಬೇರೆ ಜಾಯಿನರ್‌ಗಳು ಸಿಗುತ್ತವೆ.

ಆದ್ದರಿಂದ ಒಂದೇ ಸಲವೋ ಹಲವು ಸಲವೋ ಎಂಬ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಮೊದಲ ಪಾರ್ಸೆಲನ್ನು ಖರೀದಿ ಎಂದೇ ಎಣಿಸಬೇಡಿ, ಅದು ಮಾದರಿ ತರಿಸುವ ಕೆಲಸ. ಒಂದು ಉದ್ದ ಹಳಿ, ಒಂದು ಪಾಯಿಂಟ್, ಒಂದು ಪೊಟ್ಟಣ ಜಾಯಿನರ್, ಸಾಧ್ಯವಾದರೆ ಎನ್‌ಎಂಆರ್‌ಎ ಗೇಜ್. ಈ ಗೇಜ್ ಪುಟ್ಟ ಲೋಹದ ತಗಡು, ಹಳಿಯ ಅಂತರ, ಚಕ್ರಗಳ ಅಂತರ ಎರಡನ್ನೂ ಅದರಲ್ಲಿಯೇ ನೋಡಬಹುದು. ಬೇರೆ ಬೇರೆ ತಯಾರಕರ ಸಾಮಾನು ಒಂದಕ್ಕೊಂದು ಹೊಂದಬೇಕೆಂದು ಮಾನದಂಡ ರೂಪಿಸುತ್ತ ಬಂದ ಸಂಘ ಎನ್‌ಎಂಆರ್‌ಎ, 1935ರಲ್ಲಿ ಹುಟ್ಟಿದ್ದು. ಪಾರ್ಸೆಲ್ ಬಂದ ಮೇಲೆ ನಿಮ್ಮಲ್ಲಿರುವ ಅತ್ಯಂತ ಹಳೆಯ, ಅತ್ಯಂತ ಒರಟಾದ ಬೋಗಿಯನ್ನು ಆ ಪಾಯಿಂಟ್ ಮೇಲೆ ಎರಡೂ ದಿಕ್ಕಿಗೆ ಓಡಿಸಿ. ಹೊಸ ವ್ಯಾಗನ್ ಓಡಿದರೆ ಏನೂ ಸಾಬೀತಾಗುವುದಿಲ್ಲ.

ರಿಯಾಯಿತಿ ಕೈತಪ್ಪುತ್ತದೆ ಎಂಬ ಭಯ ನಿಮ್ಮ ಬರಹದಲ್ಲಿ ಕಾಣುತ್ತದೆ. ಹಳಿಯ ವಿಷಯದಲ್ಲಿ ಆ ಭಯ ಬೇಡವೇ ಬೇಡ. ತಯಾರಕರು ಹಳಿ, ಪಾಯಿಂಟ್, ಜಾಯಿನರ್‌ಗಳನ್ನು ವರ್ಷಾನುಗಟ್ಟಲೆ ಮಾಡುತ್ತಲೇ ಇರುತ್ತಾರೆ, ಖಾಲಿಯಾದರೂ ಮತ್ತೆ ಬರುತ್ತದೆ. ಎಂಜಿನ್‌ಗಳ ಕಥೆ ಬೇರೆ. ಅವುಗಳನ್ನು ಈಗ ಸೀಮಿತ ಸಂಖ್ಯೆಯಲ್ಲಿ, ಮುಂಗಡ ಬೇಡಿಕೆ ನೋಡಿ ತಯಾರಿಸುತ್ತಾರೆ, ಒಂದು ಸರಣಿ ಮುಗಿದರೆ ಮತ್ತೆ ಯಾವಾಗಲೋ. ಹಾಗಾಗಿ ನಿಜವಾಗಿ ಇಷ್ಟವಾದ ಎಂಜಿನ್ ಕಂಡರೆ ಕೊಂಡುಬಿಡಿ, ಅದಕ್ಕೆ ನನ್ನ ಅಡ್ಡಿಯಿಲ್ಲ. ಆದರೆ ವಿವರಣೆಯನ್ನು ಕೊನೆಯ ಸಾಲಿನವರೆಗೆ ಓದಿ. ಡಿಸಿಸಿ ಎಂದರೆ ಎಂಜಿನ್‌ಗಳನ್ನು ಡಿಜಿಟಲ್ ಸಂಕೇತದಿಂದ ನಡೆಸುವ ವ್ಯವಸ್ಥೆ. ‘ಡಿಸಿಸಿ ರೆಡಿ’ ಎಂದಿದ್ದರೆ ಒಳಗೆ ಆ ಸಂಕೇತ ಓದುವ ಡಿಕೋಡರ್ ಇದೆ ಎಂದಲ್ಲ, ಅದನ್ನು ಚುಚ್ಚುವ ಸಾಕೆಟ್ ಇದೆ ಎಂದಷ್ಟೇ ಅರ್ಥ. ಆ ಸಾಕೆಟ್ 8 ಪಿನ್‌ನದೋ 21 ಪಿನ್‌ನದೋ ಎಂದು ನೋಡಿಕೊಳ್ಳದೆ ಡಿಕೋಡರ್ ತರಿಸಬೇಡಿ. ಎಂಜಿನ್‌ಗೆ ಬೇಕಾದ ಕನಿಷ್ಠ ತಿರುವಿನ ತ್ರಿಜ್ಯವನ್ನೂ ನೋಡಿ. ನೆಚ್ಚಿಕೊಳ್ಳುವಂತೆ ಓಡಬೇಕಾದರೆ ತಿರುವಿನ ತ್ರಿಜ್ಯ ಅತಿ ಉದ್ದದ ಬೋಗಿಯ ಮೂರು ಪಟ್ಟಾದರೂ ಇರಬೇಕು ಎಂಬುದು ಈ ಹವ್ಯಾಸದವರು ಬಳಸುವ ಸ್ಥೂಲ ಲೆಕ್ಕ. 30 ಸೆಂ.ಮೀ. ಉದ್ದದ ಪ್ರಯಾಣಿಕ ಬೋಗಿಗೆ 90 ಸೆಂ.ಮೀ. ಆಯಿತು. ಹಳೆಯ ಸೆಟ್‌ಗಳ ತಿರುವು ಸಾಮಾನ್ಯವಾಗಿ ಅದರ ಸುಮಾರು ಅರ್ಧದಷ್ಟು, ಇಲ್ಲವೇ ಅದಕ್ಕೂ ಕಡಿಮೆ.

ಕ್ಯಾಟಲಾಗ್‌ನಲ್ಲಿ ‘ಒಒ/ಎಚ್‌ಒ’ ಎಂದು ಬರೆದಿರುವ ಸಾಮಾನಿನ ಬಗ್ಗೆಯೂ ಎಚ್ಚರ. ಬ್ರಿಟನ್ನಿನ ಒಒ 1:76 ಸ್ಕೇಲ್, ಹಳಿಯ ಅಂತರ ಮಾತ್ರ ಅದೇ 16.5. ಹಳಿ ಎರಡಕ್ಕೂ ನಡೆಯುತ್ತದೆ, ಆದರೆ ಒಒ ನಿಲ್ದಾಣದ ಕಟ್ಟಡ ನಿಮ್ಮ ರೈಲಿನ ಪಕ್ಕ ನಿಂತರೆ ಏಳನೇ ಒಂದು ಭಾಗದಷ್ಟು ದೊಡ್ಡದಾಗಿರುತ್ತದೆ, ಬಾಗಿಲು ನೋಡಿದ ಕೂಡಲೇ ಕಣ್ಣಿಗೆ ಹೊಡೆಯುತ್ತದೆ.

ಪಾಯಿಂಟ್‌ಗಳ ಸಂಖ್ಯೆಯನ್ನು ಅಂದಾಜಿನಲ್ಲಿ ಬರೆಯಬೇಡಿ. ಪೆಕೊದಂಥ ತಯಾರಕರು ಪಾಯಿಂಟ್‌ಗಳ ನಿಜಗಾತ್ರದ ನಕ್ಷೆಗಳನ್ನು ಉಚಿತವಾಗಿ ಕೊಡುತ್ತಾರೆ. ಅವನ್ನು ಮುದ್ರಿಸಿ, ಕತ್ತರಿಸಿ, ಬೋರ್ಡಿನ ಮೇಲೆ ಹರಡಿ. ಪರದೆಯ ಮೇಲೆ ಹಿಡಿಸಿದ ಯಾರ್ಡು ಬೋರ್ಡಿನ ಮೇಲೆ ಹಿಡಿಸದೇ ಇರುವುದು ಆಗ ಗೊತ್ತಾಗುತ್ತದೆ, ಅದೂ ಕಾಗದದ ಖರ್ಚಿನಲ್ಲಿ.

ಯಾವ ಅಂಗಡಿ ಒಳ್ಳೆಯದು ಎಂದೂ ಕೇಳಿದ್ದೀರಿ. ಕೊಳ್ಳುವ ಮೊದಲು ಒಂದು ಪ್ರಶ್ನೆ ಬರೆದು ಕಳುಹಿಸಿ: ‘ನನ್ನ ಚಕ್ರದ ಫ್ಲ್ಯಾಂಜ್ ಇಷ್ಟು ಆಳ, ಈ ಹಳಿಯ ಮೇಲೆ ಓಡುತ್ತದೆಯೇ?’ ಡಬ್ಬಿ ತೆಗೆದು ಅಳೆದು ಉತ್ತರಿಸುವವರ ಬಳಿ ಕೊಳ್ಳಿ, ಬೆಲೆ ತುಸು ಹೆಚ್ಚಾದರೂ ಸರಿ. ಅಮೆರಿಕದ ಮಿಲ್ವಾಕಿಯಲ್ಲಿ ಮಾದರಿ ರೈಲಿನ ಸಾಮಾನು ಮಾರುವ ವಾಲ್ಥರ್ಸ್ ಕಂಪನಿ ಶುರುವಾದದ್ದು 1932ರಲ್ಲಿ. ಕ್ಯಾಟಲಾಗ್ ನೋಡಿ ಅಂಚೆಯಲ್ಲಿ ತರಿಸುವುದು ಈ ಹವ್ಯಾಸಕ್ಕೆ ಅಷ್ಟು ಹಳೆಯ ರೂಢಿ. ಇಂಥ ವ್ಯಾಪಾರ ನಡೆಯುವುದೇ ಪ್ರಶ್ನೆ, ಉತ್ತರಗಳ ಮೇಲೆ. ಉತ್ತರಿಸದ ಅಂಗಡಿ, ಪಾಯಿಂಟ್ ಮುರಿದು ಬಂದಾಗಲೂ ಉತ್ತರಿಸುವುದಿಲ್ಲ.

ಪಾರ್ಸೆಲ್ ಬಂದ ದಿನವೇ ತೆರೆಯಿರಿ, ಎಂಜಿನನ್ನು ಅಂದೇ ಓಡಿಸಿ ನೋಡಿ, ವಾಪಸಾತಿಯ ಗಡುವು ಅದು ಕೈಸೇರಿದ ದಿನದಿಂದಲೇ ಓಡತೊಡಗಿರುತ್ತದೆ. ಭಾರವಾದ ಟ್ರಾನ್ಸ್‌ಫಾರ್ಮರನ್ನು ಎಂಜಿನ್ ಇರುವ ಪೆಟ್ಟಿಗೆಯಲ್ಲಿ ಹಾಕಬೇಡಿ ಎಂದು ಮೊದಲೇ ಬರೆಯಿರಿ. ಬೇರೆ ದೇಶದಿಂದ ತರಿಸುವುದಾದರೆ ಅದು 120 ವೋಲ್ಟಿನದೋ 230 ವೋಲ್ಟಿನದೋ ನೋಡಿ. ಸ್ಪ್ರೇ ಬಣ್ಣ, ದ್ರಾವಕದ ಅಂಟುಗಳನ್ನು ವಿಮಾನದ ಅಂಚೆಯಲ್ಲಿ ಕಳುಹಿಸುವಂತಿಲ್ಲ, ಬೇಗ ಹೊತ್ತಿಕೊಳ್ಳುವ ವಸ್ತುಗಳವು. ಅವು ಪಟ್ಟಿಯಲ್ಲಿದ್ದರೆ ಉಳಿದ ಸಾಮಾನೂ ತಡವಾಗಬಹುದು.

ಇವೆಲ್ಲಕ್ಕೂ ಮೊದಲು ಮಾಡಬೇಕಾದ ಕೆಲಸ ಒಂದಿದೆ. ನಿಮ್ಮ ಹಳೆಯ ಹಳಿಯ ನಡುವೆ, ಸ್ಲೀಪರ್‌ಗಳ ಮೇಲೆ, ಲೋಹದ ಚುಕ್ಕೆಗಳ ಸಾಲೋ ಮೂರನೆಯ ಹಳಿಯೋ ಇದೆಯೇ ನೋಡಿ. ಇದ್ದರೆ ಅದು ಜರ್ಮನಿಯ ತಯಾರಕ ಮಾರ್ಕ್ಲಿನ್ ಮಾದರಿಯ ವ್ಯವಸ್ಥೆ ಇರಬಹುದು. ಅದರಲ್ಲಿ ಎಡ, ಬಲ ಚಕ್ರಗಳ ನಡುವೆ ವಿದ್ಯುತ್ ತಡೆ ಇರುವುದಿಲ್ಲ, ಸಾಧಾರಣ ಎರಡು ಹಳಿಯ ಮೇಲಿಟ್ಟರೆ ಶಾರ್ಟ್ ಆಗುತ್ತದೆ. ಮಲ್ಟಿಮೀಟರ್‌ನ ಒಂದು ಕಡ್ಡಿಯನ್ನು ಎಡ ಚಕ್ರಕ್ಕೆ, ಇನ್ನೊಂದನ್ನು ಅದೇ ಅಚ್ಚಿನ ಬಲ ಚಕ್ರಕ್ಕೆ ತಾಗಿಸಿ. ಬೀಪ್ ಎಂದರೆ ಕೋಡ್ 100ನ್ನೂ ತರಿಸಬೇಡಿ, ಅದೇ ವ್ಯವಸ್ಥೆಯ ಹಳಿಯನ್ನೇ ಹುಡುಕಬೇಕು. ಬೀಪ್ ಬರದಿದ್ದರೆ ಫ್ಲ್ಯಾಂಜ್‌ನ ಆಳವನ್ನು ಅಳೆದು ಇಲ್ಲಿ ಬರೆಯಿರಿ, ಯಾವ ಕೋಡ್ ಹಳಿ ಹೊಂದುತ್ತದೆ ಎಂದು ಹೇಳುತ್ತೇನೆ.