ಬಯೆಕ್‌ನ ಸೇಡಿಗೆ ಅವಸರ ಬೇಡ

ನಮಸ್ಕಾರ. ಕ್ಲಿಯೋಪಾತ್ರಳ ಕಾಲದ ಈಜಿಪ್ಟಿನಲ್ಲಿ ನಡೆಯುವ 'ಅಸಾಸಿನ್ಸ್ ಕ್ರೀಡ್ ಒರಿಜಿನ್ಸ್' ಎಂಬ ವಿಡಿಯೋ ಗೇಮ್ ಆಡುತ್ತ 12ನೆಯ ಲೆವೆಲ್ಲಿಗೆ ಬಂದಿರುವ ತಾವು ಎರಡು ಪ್ರಶ್ನೆ ಕೇಳಿದ್ದೀರಿ. ಸತ್ತ ಮಗನಿಗಾಗಿ ಸೇಡಿಗೆ ಹೊರಟ ಕಥಾನಾಯಕ ಬಯೆಕ್ ಊರವರ ಚಿಲ್ಲರೆ ಕೆಲಸಗಳನ್ನೇಕೆ ಮಾಡಿಕೊಡಬೇಕು ಎಂಬುದು ಮೊದಲನೆಯದು. ಬೆನ್ನು ಹತ್ತಿ ಬರುವ ಫೈಲಾಕೀಸ್ ಬೇಟೆಗಾರರು ಒಂದೆರಡು ಏಟಿಗೇ ಕೊಲ್ಲುತ್ತಾರೆ, ಏನು ಮಾಡಲಿ ಎಂಬುದು ಎರಡನೆಯದು. ಎರಡಕ್ಕೂ ನನ್ನ ಉತ್ತರ ಒಂದೇ: ಸೈಡ್ ಕ್ವೆಸ್ಟ್‌ಗಳನ್ನು, ಎಂದರೆ ಮುಖ್ಯ ಕಥೆಯ ಹೊರಗಿನ ಆ ಚಿಲ್ಲರೆ ಕೆಲಸಗಳನ್ನು, ಬಿಡಬೇಡಿ.

ಎರಡನೆಯದನ್ನು ಮೊದಲು ಮುಗಿಸುತ್ತೇನೆ. ಈ ಆಟದಲ್ಲಿ ಲೆವೆಲ್ಲಿನ ಅಂತರವನ್ನು ಕೈಚಳಕದಿಂದ ತುಂಬುವುದು ಬಹಳ ಕಷ್ಟ. ಶತ್ರುವಿನ ತಲೆಯ ಮೇಲೆ ಬುರುಡೆಯ ಗುರುತು ಕಂಡರೆ ತಮ್ಮ ಬಾಣ ಅವನಿಗೆ ಚುಚ್ಚಿದರೂ ಲೆಕ್ಕಕ್ಕಿಲ್ಲ, ಹಿಂದಿನಿಂದ ಹೋಗಿ ಹಿಡನ್ ಬ್ಲೇಡ್ (ಮುಂಗೈಯಲ್ಲಿ ಅಡಗಿಸಿಟ್ಟ ಅಲಗು) ಹಾಕಿದರೂ ಅವನು ಒಂದೇ ಏಟಿಗೆ ಬೀಳುವುದಿಲ್ಲ. ಆದ್ದರಿಂದ ಸದ್ಯಕ್ಕೆ ಫೈಲಾಕೀಸ್ ಎದುರಾದರೆ ಕುದುರೆ ಏರಿ ದಾರಿ ಬಿಟ್ಟು ಓಡುವುದೇ ಜಾಣತನ. ಸೈಡ್ ಕ್ವೆಸ್ಟ್‌ಗಳಿಂದ ಲೆವೆಲ್ ಏರಿ 20 ದಾಟಿದ ಮೇಲೆ ನೋಡಿಕೊಳ್ಳಬಹುದು. ಅಷ್ಟರಲ್ಲಿ ಗಟ್ಟಿ ತೊಗಲಿಗಾಗಿ ಮೊಸಳೆ ಮತ್ತು ನೀರಾನೆಗಳನ್ನು ಬೇಟೆಯಾಡಿ, ಬಯೆಕ್‌ನ ಸಾಕು ಹದ್ದು ಸೇನು ಮೇಲಿನಿಂದ ಗುರುತಿಸುವ ಸರಕಿನ ಬಂಡಿಗಳಿಂದ ಕಂಚು ಕಬ್ಬಿಣ ದೋಚಿ, ಹಿಡನ್ ಬ್ಲೇಡ್ ಮತ್ತು ಎದೆಕವಚಗಳನ್ನು ಉತ್ತಮಪಡಿಸಿಕೊಳ್ಳಿ. ಕತ್ತಿಗಿಂತ ಇವಕ್ಕೇ ಮೊದಲ ಆದ್ಯತೆ ಇರಲಿ, ಏಕೆಂದರೆ ಕತ್ತಿ ಹೇಗೂ ದಾರಿಯಲ್ಲಿ ಸಿಗುತ್ತಲೇ ಇರುತ್ತದೆ.

ಇನ್ನು ಬಯೆಕ್‌ನ ಮಾತು. ಅವನು ಬಾಡಿಗೆಯ ಕೊಲೆಗಾರನಲ್ಲ, ಮೆಜಾಯ್. ಎಂದರೆ ಜನರನ್ನು ಕಾಯುವುದೇ ಅವನ ವೃತ್ತಿ. ಚರಿತ್ರೆಯ ಮೆಜಾಯ್‌ಗಳು ನೂಬಿಯಾದ ಮರುಭೂಮಿಯ ಜನ, ಈಜಿಪ್ಟಿನ ಹೊಸ ರಾಜ್ಯದ ಕಾಲದಲ್ಲಿ ಕಾವಲುಪಡೆಯಾದವರು. ಕ್ಲಿಯೋಪಾತ್ರಳ ಕಾಲಕ್ಕೆ ಆ ಹೆಸರು ಬಳಕೆ ತಪ್ಪಿ ನೂರಾರು ವರ್ಷಗಳೇ ಆಗಿದ್ದವು. ಕ್ರಿ.ಪೂ. 48ರಲ್ಲಿ ಮೆಜಾಯ್ ಒಬ್ಬನನ್ನು ನಿಲ್ಲಿಸಿದ್ದು ಕಥೆಗಾರರ ಸ್ವಾತಂತ್ರ್ಯವೇ ಆದರೂ ನನಗೆ ಅದು ಒಪ್ಪಿಗೆ, ಕಾಯಲು ಬಂದವನೇ ಮಗನನ್ನು ಕಾಯಲಾರದೆ ಹೋದ ಎಂಬ ನೋವಿಗೆ ಆ ಪದವಿಯೇ ಹರಿತ ಕೊಡುತ್ತದೆ. ತಾವು ಈಗಾಗಲೇ ನೋಡಿರುವಂತೆ, ಮುಖವಾಡ ತೊಟ್ಟ ಶತ್ರುಗಳೊಂದಿಗಿನ ಎಳೆದಾಟದಲ್ಲಿ ಮಗ ಕೇಮುವಿನ ಎದೆಗೆ ಹೊಕ್ಕ ಚಾಕು ಬಯೆಕ್‌ನ ಕೈಯಲ್ಲೇ ಇತ್ತು. ತನ್ನ ಊರಾದ ಸಿವಾದ ದೇವಾಲಯದಲ್ಲಿ ಆ ಮುಖವಾಡದವರಲ್ಲೊಬ್ಬನಾದ ಮೆದುನಮುನ್‌ನನ್ನು ಲೋಹದ ಗುಂಡಿನಿಂದ ಜಜ್ಜುವಾಗ ಅವನ ಸಿಟ್ಟಿನಲ್ಲಿ ಅರ್ಧ ತನ್ನ ಮೇಲೆಯೇ ಇದೆ ಎಂದು ನನಗೆ ಅನ್ನಿಸಿದ್ದು ಇದಕ್ಕಾಗಿ. ಅದೇ ಕೈಗಳು ಮುಂದಿನ ಹಳ್ಳಿಯಲ್ಲಿ ಯಾರದೋ ಮಗುವನ್ನು ಹುಡುಕಿಕೊಡುತ್ತವೆ, ಮಕ್ಕಳ ಎದುರು ಅವನ ದನಿಯೇ ಮೆತ್ತಗಾಗುತ್ತದೆ. ಸೇಡಿನ ಪಟ್ಟಿಯಲ್ಲಿರುವ ಜೀರುಂಡೆ, ಕತ್ತೆಕಿರುಬ, ಹಲ್ಲಿ, ಮೊಸಳೆ ಎಂಬ ಗುಪ್ತನಾಮದವರನ್ನಷ್ಟೇ ಬೆನ್ನಟ್ಟಿದರೆ ಈ ಮುಖ ಕಾಣುವುದೇ ಇಲ್ಲ, ಅಷ್ಟು ಹೊತ್ತಿಗೆ ಲೆವೆಲ್ಲೂ ಸಾಲದೆ ಮೆಂಫಿಸ್ ನಗರದಲ್ಲಿ ಸಿಕ್ಕಿಹಾಕಿಕೊಳ್ಳುತ್ತೀರಿ.

ಇನ್ನೊಂದು ಸಲಹೆ. ನಾಡಿನಲ್ಲೆಲ್ಲ ಹರಡಿರುವ 12 ಕಲ್ಲಿನ ವೃತ್ತಗಳನ್ನು ಅನುಭವ ಅಂಕಗಳ ಆಸೆಗೆ ಓಡೋಡಿ ಮುಗಿಸಬೇಡಿ. ಅಲ್ಲಿ ಆಕಾಶದ ನಕ್ಷತ್ರಗಳನ್ನು ಚಿತ್ರಕ್ಕೆ ಹೊಂದಿಸಿದ ಮೇಲೆ ಬಯೆಕ್ ಕೇಮುವಿನೊಡನೆ ಆಡಿದ ಹಳೆಯ ಮಾತು ಕೇಳಿಸುತ್ತದೆ. ಒಂದೊಂದು ಕೊಲೆಯ ನಂತರ ಒಂದೊಂದನ್ನು ಇಟ್ಟುಕೊಂಡು ಆಡಿ ನೋಡಿ, ನಾನು ಎರಡನೆಯ ಬಾರಿ ಆಡುವಾಗ ಹಾಗೆ ಮಾಡಿದೆ.